ಒಬ್ಬರ ನಾಟಕದಲ್ಲಿ ಎದುರಿನವರು ಯಾರು?

ಏಕವ್ಯಕ್ತಿ ರಂಗಪ್ರಯೋಗವೊಂದು ಮುಗಿದು ಸಭಾಂಗಣದ ದೀಪ ಹತ್ತಿದ ಮೇಲೆ ಕಿವಿಗೆ ಬೀಳುವ ಮಾತು ಬಹುಮಟ್ಟಿಗೆ ಒಂದೇ. "ಒಂದೂವರೆ ಗಂಟೆ ಒಬ್ಬರೇ! ಅಷ್ಟು ಮಾತು ಹೇಗೆ ನೆನಪಿಟ್ಟುಕೊಂಡರೋ!" ಆಮೇಲೆ ಬರುವ ವಿಮರ್ಶೆಗಳೂ ಇದನ್ನೇ ಸ್ವಲ್ಪ ದೊಡ್ಡ ಪದಗಳಲ್ಲಿ ಹೇಳುತ್ತವೆ. ಎಷ್ಟು ಪಾತ್ರಗಳಾಗಿ ಬದಲಾದರು, ದನಿ ಹೇಗೆ ತಿರುಗಿಸಿದರು, ಒಂದು ಸೆರಗನ್ನೇ ಹೇಗೆ ತೊಟ್ಟಿಲಾಗಿಸಿ, ಕತ್ತಿಯಾಗಿಸಿ, ನದಿಯಾಗಿಸಿದರು ಎಂಬ ಪಟ್ಟಿ. ಈ ಮೆಚ್ಚುಗೆಯಲ್ಲಿ ಸುಳ್ಳಿಲ್ಲ. ಒಬ್ಬರೇ ನಿಂತು ರಂಗವನ್ನು ತುಂಬುವುದು ದೊಡ್ಡ ಶ್ರಮದ ಕೆಲಸವೇ. ಆದರೆ ದಮ್ಮು ಹಿಡಿದು ಓಡಿದವರನ್ನು ಹೊಗಳುವ ಭಾಷೆಯಲ್ಲೇ ನಾಟಕವನ್ನೂ ಹೊಗಳಿ ಎದ್ದುಬಂದರೆ ಒಂದು ಪ್ರಶ್ನೆ ಹಾಗೇ ಉಳಿದುಬಿಡುತ್ತದೆ: ಈ ಕಥೆಯನ್ನು ಒಬ್ಬರೇ ಹೇಳಬೇಕಾದ ಅಗತ್ಯ ಏನಿತ್ತು? ಹತ್ತು ಜನ ಸೇರಿ ಮಾಡಿದ್ದರೆ ಕಳೆದುಹೋಗುತ್ತಿದ್ದ ಏನಾದರೂ ಇದರಲ್ಲಿ ಇತ್ತೇ?

ಕನ್ನಡದಲ್ಲಿ ಈಚಿನ ವರ್ಷಗಳಲ್ಲಿ ಏಕವ್ಯಕ್ತಿ ಪ್ರಯೋಗಗಳನ್ನು ಮೇಲಿಂದ ಮೇಲೆ ನೋಡುತ್ತಿರುವುದರಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಪ್ರಯೋಗಗಳು ಹೆಚ್ಚಲು ಕಾರಣ ಹುಡುಕಬೇಕಾಗಿಲ್ಲ, ರಂಗಭೂಮಿಯಲ್ಲಿ ಇರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಹತ್ತು ಜನ ಹವ್ಯಾಸಿಗಳ ಸಮಯವನ್ನು ಒಂದು ಸಂಜೆಗೆ ಹೊಂದಿಸುವುದೇ ಕಷ್ಟ. ತಾಲೀಮಿಗೆ ಜಾಗ, ಸಭಾಂಗಣದ ಬಾಡಿಗೆ, ರಂಗಸಜ್ಜಿಕೆ ಸಾಗಿಸುವ ಟೆಂಪೋ, ಊಟ, ವಸತಿ ಎಲ್ಲಕ್ಕೂ ದುಡ್ಡು ಬೇಕು. ಒಬ್ಬ ನಟಿಯಾದರೆ ಒಂದು ಚೀಲ ಹಿಡಿದು ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇನ್ನೊಂದು ಊರಿನಲ್ಲಿ ಇಳಿಯಬಹುದು. ಇನ್ನೂ ಒಂದು ಕಾರಣವಿದೆ. ನಲವತ್ತು ದಾಟಿದ ನಟಿಗೆ ನಮ್ಮ ನಾಟಕಗಳು ಕೊಡುವ ಪಾತ್ರಗಳು ಸಾಮಾನ್ಯವಾಗಿ ತಾಯಿ, ಅತ್ತೆ, ನೆರೆಮನೆಯಾಕೆ. ತನ್ನ ಪೂರ್ಣ ಶಕ್ತಿ ತೋರಿಸಲು ಅವಳಿಗೆ ಉಳಿಯುವ ದಾರಿ ತಾನೇ ಒಂದು ನಾಟಕ ಕಟ್ಟಿಕೊಳ್ಳುವುದು. ಇವೆಲ್ಲ ನ್ಯಾಯವಾದ ಕಾರಣಗಳು. ಆದರೆ ಕಾರಣವೇ ಉದ್ದೇಶವಾಗುವುದಿಲ್ಲ. ಖರ್ಚು ಕಡಿಮೆ ಎಂದು ಹುಟ್ಟಿದ ನಾಟಕ ರಂಗದ ಮೇಲೆ ಬಂದಾಗ ಬೇರೆ ಒಂದು ಸಮರ್ಥನೆಯನ್ನು ತಾನೇ ದುಡಿದುಕೊಳ್ಳಬೇಕು.

ಒಬ್ಬರೇ ನಿಂತು ಕಥೆ ಹೇಳುವುದು ನಮಗೆ ಹೊಸದಲ್ಲ. ಹರಿಕಥೆಯ ದಾಸರು ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಚಿಟಿಕೆ ಹಿಡಿದು ರಾವಣನೂ ಸೀತೆಯೂ ಹನುಮಂತನೂ ಆಗುತ್ತಿದ್ದರು. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಕೈಯಲ್ಲಿ ತಂಬೂರಿ. ಛತ್ತೀಸಗಢದ ತೀಜನ್ ಬಾಯಿ ಪಾಂಡವಾನಿ ಹಾಡುತ್ತ ನಿಂತರೆ ಅದೇ ತಂಬೂರಿ ಭೀಮನ ಗದೆಯಾಗುತ್ತದೆ, ಅರ್ಜುನನ ಬಿಲ್ಲಾಗುತ್ತದೆ. ಆದರೆ ಈ ಪರಂಪರೆಗಳನ್ನು ಗಮನಿಸಿ ನೋಡಿದರೆ ಅಲ್ಲಿ ಯಾರೂ ಪೂರ್ತಿ ಒಂಟಿಯಲ್ಲ. ಹಿಮ್ಮೇಳದವರು ಇದ್ದಾರೆ. ಪಾಂಡವಾನಿಯಲ್ಲಂತೂ ಜೊತೆಗೆ ಕೂತು ಹೂಂಗುಟ್ಟುವ, ನಡುನಡುವೆ ಪ್ರಶ್ನೆ ಹಾಕುವ ಒಬ್ಬ ಸಹಗಾಯಕನೇ ಇರುತ್ತಾನೆ. ನಮ್ಮ ಮನೆಗಳಲ್ಲೂ ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಹೇಳುವವರಷ್ಟೇ ಕೇಳುವವರೂ ಕಥೆಯ ಭಾಗ ಎಂಬ ತಿಳಿವಳಿಕೆ ಈ ಹೂಂಕಾರದಲ್ಲಿದೆ. ಆಧುನಿಕ ಏಕವ್ಯಕ್ತಿ ನಾಟಕ ಈ ಹೂಂಗುಟ್ಟುವವನನ್ನು ರಂಗದಿಂದ ಕಳುಹಿಸಿಬಿಟ್ಟಿತು. ಅವನ ಜಾಗದಲ್ಲಿ ಏನನ್ನು ಇಟ್ಟಿತು ಎಂಬುದರ ಮೇಲೆಯೇ ಅದರ ಗುಣ ನಿಂತಿದೆ ಎಂದು ನನಗನ್ನಿಸುತ್ತದೆ.

ಸಂಸ್ಕೃತ ನಾಟಕದ ಶಾಸ್ತ್ರಕಾರರಿಗೆ ಈ ಸಮಸ್ಯೆ ಗೊತ್ತಿತ್ತು. ನಾಟ್ಯಶಾಸ್ತ್ರ ಹೇಳುವ ಹತ್ತು ರೂಪಕಗಳಲ್ಲಿ ‘ಭಾಣ’ ಒಂದು. ಅದರಲ್ಲಿ ಒಬ್ಬನೇ ನಟ. 1922ರಲ್ಲಿ ‘ಚತುರ್ಭಾಣಿ’ ಎಂಬ ಹೆಸರಿನಲ್ಲಿ ಅಚ್ಚಾದ ನಾಲ್ಕು ಹಳೆಯ ಭಾಣಗಳನ್ನು ನೋಡಿದರೆ ಆ ನಟನ ಕೆಲಸ ಸ್ಪಷ್ಟವಾಗುತ್ತದೆ. ವಿಟನೊಬ್ಬ ನಗರದ ಬೀದಿಯಲ್ಲಿ ನಡೆದು ಹೋಗುತ್ತಾನೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾನೆ. ಅವರು ಯಾರೂ ರಂಗದ ಮೇಲಿಲ್ಲ. ವಿಟ ಗಾಳಿಗೆ ಕಿವಿಗೊಟ್ಟು, "ಏನಂದೆ?" ಎಂದು ಕೇಳಿ, ಅವರು ಹೇಳಿದ್ದನ್ನು ತಾನೇ ಪುನಃ ಹೇಳಿ, ಅದಕ್ಕೆ ಉತ್ತರ ಕೊಡುತ್ತಾನೆ. ಇದಕ್ಕೆ ಆಕಾಶಭಾಷಿತ ಎಂದು ಹೆಸರು. ತಂತ್ರ ಸರಳ, ಆದರೆ ಅದರ ಹಿಂದಿನ ವಿವೇಕ ದೊಡ್ಡದು. ಭಾಣದ ನಟ ಮಾತಾಡುವ ಮೊದಲು ಕೇಳಿಸಿಕೊಳ್ಳಬೇಕು. ಅವನು ಕೇಳಿಸಿಕೊಳ್ಳುವ ಆ ಅರೆಕ್ಷಣದಲ್ಲಿ ಇಲ್ಲದ ಮನುಷ್ಯ ನಮ್ಮ ಕಣ್ಣಿಗೆ ಕಾಣುತ್ತಾನೆ. ಒಬ್ಬನೇ ನಟನಿಂದ ಒಂದು ಇಡೀ ಬೀದಿ ಎದ್ದುನಿಲ್ಲುವುದು ಹೀಗೆ.

ಇಪ್ಪತ್ತನೆಯ ಶತಮಾನದ ಏಕವ್ಯಕ್ತಿ ನಾಟಕಗಳಲ್ಲಿ ಬಹಳ ಚರ್ಚೆಯಾದ ಒಂದು, ಸ್ಯಾಮ್ಯುಯೆಲ್ ಬೆಕೆಟ್‌ನ ‘ಕ್ರಾಪ್ಸ್ ಲಾಸ್ಟ್ ಟೇಪ್’, 1958ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರದರ್ಶನಗೊಂಡಿತು. ಅರವತ್ತೊಂಬತ್ತು ತುಂಬಿದ ಕ್ರಾಪ್ ತನ್ನ ಹುಟ್ಟುಹಬ್ಬದ ದಿನ, ಮೂವತ್ತೊಂಬತ್ತರ ವಯಸ್ಸಿನಲ್ಲಿ ತಾನೇ ಧ್ವನಿಮುದ್ರಿಸಿಕೊಂಡ ಟೇಪನ್ನು ಹಾಕಿ ಕೇಳುತ್ತಾನೆ. ನಾಟಕದ ಬಹುಭಾಗದಲ್ಲಿ ನಟ ಸುಮ್ಮನೆ ಕೂತು ಕೇಳುತ್ತಿರುತ್ತಾನೆ. ಮಧ್ಯೆ ನಿಲ್ಲಿಸುತ್ತಾನೆ, ಹಿಂದಕ್ಕೆ ಓಡಿಸುತ್ತಾನೆ, ಬೈಯುತ್ತಾನೆ, ಮತ್ತೆ ಕೇಳುತ್ತಾನೆ. ಕೊನೆಗೆ ಟೇಪು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಏನೂ ಹೇಳದ ಆ ಮುಖದಲ್ಲಿ ಒಂದು ಬದುಕಿನ ಸೋಲು ಕಾಣುತ್ತದೆ. ಭಾಣದ ವಿಟನಿಗೂ ಕ್ರಾಪನಿಗೂ ಯಾವ ನಂಟೂ ಇಲ್ಲ. ಆದರೂ ಇಬ್ಬರನ್ನೂ ರಂಗದ ಮೇಲೆ ಹಿಡಿದು ನಿಲ್ಲಿಸಿರುವುದು ಕಿವಿ.

ನಮ್ಮಲ್ಲಿ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ಇದೇ ಸೂತ್ರವನ್ನು ಇನ್ನೊಂದು ದಿಕ್ಕಿಗೆ ಒಯ್ದಿತು. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಅರುಂಧತಿ ನಾಗ್ ಅದನ್ನು ಅಭಿನಯಿಸಿದರು. ಕನ್ನಡ ಲೇಖಕಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಹೆಸರು, ಹಣ ಎರಡನ್ನೂ ಗಳಿಸಿದ್ದಾಳೆ. ಟೀವಿ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಡುವಾಗ ಪರದೆಯ ಮೇಲಿನ ಅವಳದೇ ಬಿಂಬ ಹೋಗಬೇಡ ಎಂದು ತಡೆದು ಪ್ರಶ್ನೆ ಕೇಳತೊಡಗುತ್ತದೆ. ಅಂಗವಿಕಲೆಯಾಗಿದ್ದ ತಂಗಿ ಮಾಲಿನಿಯ ಬಗ್ಗೆ, ಗಂಡನ ಬಗ್ಗೆ, ಕೊನೆಗೆ ಆ ಕಾದಂಬರಿ ಯಾರದು ಎಂಬುದರ ಬಗ್ಗೆ. ಇಲ್ಲಿ ರಂಗದ ಕಷ್ಟವೊಂದನ್ನು ಗಮನಿಸಬೇಕು. ಪರದೆಯ ಬಿಂಬ ಮೊದಲೇ ಚಿತ್ರೀಕರಿಸಿದ್ದು. ಅದು ನಟಿಗಾಗಿ ಕಾಯುವುದಿಲ್ಲ, ಅವಳು ಮಾತು ಮರೆತರೆ ಹೊಂದಿಕೊಳ್ಳುವುದಿಲ್ಲ. ಜೀವಂತ ನಟಿ ಆ ಬಿಂಬದ ಪ್ರತಿ ಮಾತನ್ನೂ ಕೇಳಿಸಿಕೊಂಡು ಅದರ ವೇಗಕ್ಕೇ ಉತ್ತರಿಸಬೇಕು. ಜಗತ್ತಿಗೆ ಸುಳ್ಳು ಹೇಳಿ ಗೆದ್ದವಳು ತನ್ನದೇ ಮುಖದ ಮುಂದೆ ಸೋಲುತ್ತಾಳೆ. ಎದುರಾಳಿ ಹೊರಗಿನವನಾಗಿದ್ದರೆ ಮಂಜುಳಾ ಗೆದ್ದುಬಿಡುತ್ತಿದ್ದಳು. ಇಬ್ಬರು ನಟಿಯರನ್ನು ಹಾಕಿ ಈ ನಾಟಕ ಮಾಡಿದರೆ ಅದರ ಅರ್ಥವೇ ಕೆಡುತ್ತದೆ. ಒಬ್ಬರೇ ಯಾಕೆ ಎಂಬ ಪ್ರಶ್ನೆಗೆ ಇಷ್ಟು ನೇರ ಉತ್ತರ ಕೊಡುವ ಕನ್ನಡ ನಾಟಕ ನನಗೆ ಬೇರೆ ಸಿಕ್ಕಿಲ್ಲ.

ಈಗ ನಾವು ಹೆಚ್ಚಾಗಿ ನೋಡುತ್ತಿರುವ ಬಗೆಗೆ ಬರೋಣ. ಕನ್ನಡದ ಏಕವ್ಯಕ್ತಿ ಪ್ರಯೋಗಗಳಲ್ಲಿ ದೊಡ್ಡ ಪಾಲು ಪುರಾಣದ ಹೆಣ್ಣುಗಳದ್ದು. ಊರ್ಮಿಳೆ, ಮಂಡೋದರಿ, ಗಾಂಧಾರಿ, ಶೂರ್ಪನಖಿ, ಮಾಧವಿ, ಶರ್ಮಿಷ್ಠೆ. ಮಹಾಕಾವ್ಯ ಬದಿಗೆ ಸರಿಸಿದವರನ್ನು ನಡುವೆ ತಂದು ನಿಲ್ಲಿಸುವ ಕೆಲಸ ಕನ್ನಡದಲ್ಲಿ ಕುವೆಂಪು ಅವರಂಥವರು ಬಹಳ ಹಿಂದೆಯೇ ತೊಡಗಿಕೊಂಡದ್ದು. ‘ಶ್ರೀ ರಾಮಾಯಣ ದರ್ಶನಂ’ನ ಊರ್ಮಿಳೆಯನ್ನು ಓದಿದವರಿಗೆ ಇದು ಗೊತ್ತು. ಆದರೆ ಈ ಪ್ರಯೋಗಗಳಲ್ಲಿ ಹಲವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಾಣುತ್ತವೆ. ದೀಪ ನಿಧಾನವಾಗಿ ಬೆಳಗುತ್ತದೆ, ಬೆನ್ನು ತೋರಿಸಿ ಕೂತ ಹೆಣ್ಣು ತಿರುಗುತ್ತಾಳೆ, "ನನ್ನನ್ನು ಯಾರೂ ಕೇಳಲಿಲ್ಲ" ಎಂದು ಶುರುಮಾಡುತ್ತಾಳೆ. ಗಂಡನ ಮೇಲೆ, ಅಪ್ಪನ ಮೇಲೆ, ಋಷಿಯ ಮೇಲೆ ಒಂದೊಂದಾಗಿ ಆರೋಪಪಟ್ಟಿ ಸಲ್ಲಿಸುತ್ತಾಳೆ. ಕೊನೆಗೆ ಕೂದಲು ಬಿಚ್ಚಿ ನಿಲ್ಲುತ್ತಾಳೆ. ನಾವು ಎದ್ದು ಚಪ್ಪಾಳೆ ತಟ್ಟುತ್ತೇವೆ. ವ್ಯಾಜ್ಯ ಗೆದ್ದಾಯಿತು. ಗೆಲ್ಲದೆ ಇನ್ನೇನು, ಕೋರ್ಟಿನಲ್ಲಿ ಎದುರು ಪಕ್ಷವೇ ಇರಲಿಲ್ಲ.

ಕರಾವಳಿಯ, ಮಲೆನಾಡಿನ ಓದುಗರಿಗೆ ತಾಳಮದ್ದಳೆ ನೆನಪಾಗಬಹುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಬೆಳೆಸುತ್ತಾರೆ. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳು ಕಟು. ಆದರೆ ರಾಮನ ಅರ್ಥ ಹೇಳುವವರು ಎದುರಿಗೇ ಇದ್ದಾರೆ, ಅವರೂ ಪಳಗಿದವರು. ಎದುರರ್ಥ ದುರ್ಬಲವಾದರೆ ಕೂಟವೇ ಸಪ್ಪೆ ಎಂದು ಹಳೆಯ ಪ್ರೇಕ್ಷಕರು ಹೇಳುತ್ತಾರೆ. ವಾಲಿಯ ಮೇಲೆ ನಮಗೆ ಕರುಣೆ ಹುಟ್ಟುವುದು ರಾಮನಿಗೂ ಹೇಳಲು ಏನೋ ಇದ್ದಾಗಲೇ. ಏಕವ್ಯಕ್ತಿ ನಾಟಕದಲ್ಲಿ ಎದುರು ಕೂರುವ ಅರ್ಥಧಾರಿ ಇಲ್ಲ. ಹಾಗಾಗಿ ಎದುರರ್ಥವನ್ನೂ ಅದೇ ಗಂಟಲು ಹೇಳಬೇಕು. ಅದೂ ಅಣಕಿಸುವ ದನಿಯಲ್ಲಲ್ಲ, ನಿಜವಾದ ಬಲದೊಂದಿಗೆ.

ಒಂದು ಕಾಲೇಜಿನಲ್ಲಿ ಇಂಥ ಪ್ರಯೋಗದ ನಂತರ ಸಂವಾದ ನಡೆದಿತ್ತು. ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು, "ಮೇಡಂ, ಅವಳ ಗಂಡನಿಗೆ ಹೇಳಲು ಏನೂ ಇರಲಿಲ್ಲವಾ?" ಎಂದು ಕೇಳಿದಳು. ನಟಿ ತಡಮಾಡದೆ, "ಅವನು ಸಾವಿರಾರು ವರ್ಷ ಮಾತಾಡಿದ್ದಾನಮ್ಮಾ, ಇವತ್ತೊಂದು ದಿನ ಅವಳು ಮಾತಾಡಲಿ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಯಾಕೆಂದರೆ ಆ ಉತ್ತರದಲ್ಲಿ ನ್ಯಾಯವಿದೆ. ಶತಮಾನಗಳಿಂದ ಒಬ್ಬನ ಕೈಯಲ್ಲೇ ಇದ್ದ ಮಾತನ್ನು ಇನ್ನೊಬ್ಬಳಿಗೆ ಕೊಡುವುದು ಈ ಪ್ರಕಾರದ ದೊಡ್ಡ ಉದ್ದೇಶಗಳಲ್ಲಿ ಒಂದು. ಅದನ್ನು ಸಮತೋಲನದ ಹೆಸರಿನಲ್ಲಿ ಮೊಟಕು ಮಾಡಬಾರದು. ಆದರೆ ಆ ಹುಡುಗಿ ಕೇಳಿದ್ದು ಗಂಡನ ಪರ ವಕಾಲತ್ತು ಅಲ್ಲ ಎಂದು ನನಗೆ ಆಮೇಲೂ ಅನ್ನಿಸುತ್ತಿತ್ತು. ಅವಳು ಬದುಕಬೇಕಾದ ಮನೆಯಲ್ಲಿ ಅಪ್ಪ, ಅಣ್ಣ, ಮುಂದೆ ಗಂಡ ಇರುತ್ತಾರೆ. ಅವರು ಕಾರಣ ಕೊಡುತ್ತಾರೆ, ಪ್ರೀತಿಯಿಂದಲೇ ಕೊಡುತ್ತಾರೆ. ಪ್ರೀತಿಯ ದನಿಯಲ್ಲಿ ಬರುವ ಅಧಿಕಾರವನ್ನು ಗುರುತಿಸುವುದು ಹೇಗೆ ಎಂದು ತೋರಿಸುವ ನಾಟಕ ಅವಳಿಗೆ ಬೇಕಿತ್ತು. ಮಾತೇ ಇಲ್ಲದ ಖಳನನ್ನು ಗೆದ್ದ ನಾಯಕಿ ಅವಳ ಮನೆಯ ಜಗಳದಲ್ಲಿ ಎಷ್ಟು ಉಪಯೋಗಕ್ಕೆ ಬಂದಾಳು?

ಎದುರರ್ಥವನ್ನು ಒಂದೇ ದೇಹದೊಳಗೆ ಇಡುವುದರ ಅತ್ಯಂತ ಧೈರ್ಯದ ಉದಾಹರಣೆ ಅಮೆರಿಕದ್ದು. 1991ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಕ್ರೌನ್ ಹೈಟ್ಸ್ ಬಡಾವಣೆಯಲ್ಲಿ ಯಹೂದಿ ಧರ್ಮಗುರುವಿನ ಬೆಂಗಾವಲಿನ ಕಾರೊಂದು ಏಳು ವರ್ಷದ ಕಪ್ಪು ಬಾಲಕನಿಗೆ ಬಡಿದು ಅವನು ಸತ್ತ. ಕೆಲವೇ ಗಂಟೆಗಳಲ್ಲಿ ಯಹೂದಿ ಯುವಕನೊಬ್ಬನನ್ನು ಗುಂಪೊಂದು ಸುತ್ತುವರಿದು ಇರಿಯಿತು, ಅವನೂ ಸತ್ತ. ಬಡಾವಣೆ ಹೊತ್ತಿಕೊಂಡಿತು. ಕಪ್ಪು ನಟಿ ಆನಾ ಡೆವಿಯರ್ ಸ್ಮಿತ್ ಎರಡೂ ಕಡೆಯವರನ್ನು ಭೇಟಿ ಮಾಡಿ, ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಂಡು, 1992ರಲ್ಲಿ ‘ಫೈರ್ಸ್ ಇನ್ ದ ಮಿರರ್’ ಎಂಬ ಏಕವ್ಯಕ್ತಿ ಪ್ರಯೋಗ ಮಾಡಿದರು. ಅವರ ಮಾತುಗಳನ್ನು ತಿದ್ದಲಿಲ್ಲ. ತೊದಲಿದ್ದು, ತಡೆದದ್ದು, ಅರ್ಧಕ್ಕೆ ಬಿಟ್ಟದ್ದು ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡು ಆಯಾ ವ್ಯಕ್ತಿಯಾಗಿ ಆಡಿದರು. ಮಗನನ್ನು ಕಳೆದುಕೊಂಡ ಕಪ್ಪು ತಂದೆಯೂ ಅವರೇ, ತಮ್ಮನನ್ನು ಕಳೆದುಕೊಂಡ ಯಹೂದಿ ಅಣ್ಣನೂ ಅವರೇ. ಒಂದು ಕೋಣೆಯಲ್ಲಿ ಕೂರಲು ಒಪ್ಪದ ಜನ ಒಂದು ದೇಹದಲ್ಲಿ ಕೂತರು. ಯಾರು ಸರಿ ಎಂದು ಆಕೆ ಹೇಳಲಿಲ್ಲ. ಹತ್ತಾರು ನಟರು ಇದನ್ನು ಮಾಡಿದ್ದರೆ ಕಪ್ಪು ನಟರು ಒಂದು ಬದಿ, ಬಿಳಿಯ ನಟರು ಒಂದು ಬದಿ ನಿಂತು ಬೀದಿಯ ಜಗಳವೇ ರಂಗಕ್ಕೆ ಬರುತ್ತಿತ್ತು. ಒಬ್ಬಳೇ ಮಾಡಿದ್ದರಿಂದ, ಇನ್ನೊಬ್ಬರ ಮಾತನ್ನು ನನ್ನ ಬಾಯಲ್ಲಿ ಒಮ್ಮೆ ಆಡಿ ನೋಡಲು ಸಾಧ್ಯ ಎಂಬುದೇ ನಾಟಕದ ವಸ್ತುವಾಯಿತು.

ಎದುರಿನವರನ್ನು ಹೀಗೆ ಒಳಗೆ ತರುವುದು ಒಂದೇ ದಾರಿಯಲ್ಲ. ಇಟಲಿಯ ಫ್ರಾಂಕಾ ರಾಮೆ ಮತ್ತು ದಾರಿಯೋ ಫೋ 1977ರಲ್ಲಿ ಕಟ್ಟಿದ ಸ್ತ್ರೀ ಏಕಪಾತ್ರಗಳ ಗುಚ್ಛದಲ್ಲಿ ‘ಒಂಟಿ ಹೆಂಗಸು’ ಎಂಬರ್ಥದ ಹೆಸರಿನದು ಒಂದಿದೆ. ಗಂಡ ಮನೆಯೊಳಗೆ ಬೀಗ ಹಾಕಿ ಹೋದ ಹೆಂಗಸು ಕಿಟಕಿಯಿಂದ ಎದುರು ಮನೆಗೆ ಹೊಸದಾಗಿ ಬಂದಾಕೆಯ ಜೊತೆ ಹರಟುತ್ತಾಳೆ. ನಮಗೆ ಆ ಎದುರು ಮನೆಯಾಕೆ ಕಾಣುವುದಿಲ್ಲ, ಅವಳ ಮಾತು ಕೇಳುವುದೂ ಇಲ್ಲ. ಆದರೆ ಅವಳು ಕೇಳುವ ಪ್ರಶ್ನೆಗಳಿಂದಲೇ ಈ ಹೆಂಗಸಿನ ಸಂಸಾರದ ಬಣ್ಣ ಒಂದೊಂದೇ ಕಳಚುತ್ತದೆ. "ನಾನು ಸುಖವಾಗಿದ್ದೇನೆ" ಎಂದು ಶುರುಮಾಡಿದವಳು ಬಂದೂಕು ಹಿಡಿದು ಗಂಡನಿಗಾಗಿ ಕಾಯುವಲ್ಲಿಗೆ ತಲುಪುತ್ತಾಳೆ. ಪ್ರೇಕ್ಷಕರು ಕೂತಿರುವುದು ಆ ಎದುರು ಮನೆಯಲ್ಲಿ. ನಗುತ್ತಲೇ ಕೇಳುತ್ತಿದ್ದ ನಾವು, ನೆರೆಮನೆಯ ಇಂಥ ಸದ್ದುಗಳಿಗೆ ಈವರೆಗೆ ಏನು ಮಾಡಿದ್ದೆವು ಎಂಬ ಪ್ರಶ್ನೆ ಹೊತ್ತು ಏಳಬೇಕಾಗುತ್ತದೆ.

ಮರಾಠಿಯ ಸುಷಮಾ ದೇಶಪಾಂಡೆ 1989ರಿಂದ ಆಡುತ್ತ ಬಂದ ‘ವ್ಹಯ್ ಮೀ ಸಾವಿತ್ರಿಬಾಯಿ’ಯಲ್ಲಿ ಈ ಎದುರಿನವರು ಇನ್ನೂ ಹತ್ತಿರ. ಹೌದು, ನಾನೇ ಸಾವಿತ್ರಿಬಾಯಿ ಎನ್ನುವ ಶೀರ್ಷಿಕೆಯೇ ಯಾರೋ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರದಂತಿದೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು, ದಾರಿಯಲ್ಲಿ ಸಗಣಿ ಎಸೆಸಿಕೊಂಡ ಸಾವಿತ್ರಿಬಾಯಿ ಫುಲೆ, ಜನರ ಮುಂದೆ ಬಂದು ನೇರ ಮಾತಾಡುತ್ತಾಳೆ. ನಗರದ ಸಭಾಂಗಣಗಳಿಗೆ ಸೀಮಿತವಾಗದೆ ಹಳ್ಳಿಗಳಿಗೂ ಹೋದ ನಾಟಕ ಇದು. ಏಕವ್ಯಕ್ತಿ ಪ್ರಯೋಗದ ಸಾಮಾಜಿಕ ಪರಿಣಾಮ ಎಂದರೆ ನನಗೆ ಮೊದಲು ನೆನಪಾಗುವುದು ಈ ಬಗೆಯ ತಿರುಗಾಟ. ದೊಡ್ಡ ತಂಡ ಹೋಗಲಾಗದ ಶಾಲೆಯ ಕೋಣೆಗೆ, ಹಾಸ್ಟೆಲ್ಲಿಗೆ, ದೇವಸ್ಥಾನದ ಜಗುಲಿಗೆ ಒಬ್ಬರು ಹೋಗಬಲ್ಲರು. ಅಲ್ಲಿ ಪ್ರೇಕ್ಷಕರಿಗೂ ನಟಿಗೂ ನಡುವೆ ನಾಲ್ಕು ಮಾರು ಅಂತರ. ನಾಟಕ ಮುಗಿದ ಮೇಲೆ ಚಾಪೆಯ ಮೇಲೆ ಕೂತು ಮಾತು ಮುಂದುವರಿಯುತ್ತದೆ. ಖರ್ಚು ಉಳಿಸಲು ಹುಟ್ಟಿದ ರೂಪ ತನ್ನ ಉದ್ದೇಶವನ್ನು ಕಂಡುಕೊಳ್ಳುವುದು ಇಂಥ ಜಾಗದಲ್ಲಿ.

ನನ್ನ ಈ ಅಳತೆಗೋಲು ಎಲ್ಲ ಕಡೆಯೂ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ಕನ್ನಡಕ್ಕೆ ತಂದ ‘ಬದುಕು ಬಯಲು’ ಇಲ್ಲಿನ ಓದುಗರಿಗೆ ಗೊತ್ತು. ರೇವತಿ ತಮಿಳಿನಲ್ಲಿ ‘ವೆಳ್ಳೈ ಮೊಳಿ’ ಎಂಬ ಏಕವ್ಯಕ್ತಿ ಪ್ರಯೋಗದಲ್ಲಿ ತಾವೇ ರಂಗಕ್ಕೆ ಬಂದರು. ಲೈಂಗಿಕ ಅಲ್ಪಸಂಖ್ಯಾತರೊಬ್ಬರು ತಮ್ಮ ಬದುಕನ್ನು ತಾವೇ ಎದ್ದು ಹೇಳುವಾಗ, ಎದುರು ಪಕ್ಷದ ಮಾತನ್ನೂ ನೀವೇ ಹೇಳಿ ಎಂದು ಕೇಳುವುದು ಕ್ರೌರ್ಯ. ಅಲ್ಲಿ ಎದುರು ಪಕ್ಷ ಸಭಾಂಗಣದಲ್ಲೇ ಕೂತಿದೆ. ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸಿದವರು, ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಎದ್ದುಹೋದವರು ಟಿಕೆಟ್ ಕೊಂಡು ಬಂದು ಕೂತಿದ್ದಾರೆ. ಅವರಿಗೆ ಆ ಹೊತ್ತು ಉತ್ತರ ಕೊಡುವ ಅವಕಾಶವಿಲ್ಲ, ಕೇಳಿಸಿಕೊಳ್ಳಲೇಬೇಕು. ದು. ಸರಸ್ವತಿಯವರು ತಾವೇ ಆಡುವ ‘ಸಣ್ತಿಮ್ಮಿ ರಾಮಾಯಣ’ದಲ್ಲಿ ಹಳ್ಳಿಯ ಹೆಂಗಸೊಬ್ಬಳು ರಾಮಾಯಣವನ್ನು ತನ್ನ ಬಾಯಿಮಾತಿನಲ್ಲಿ ಹೇಳುತ್ತಾಳೆ. ಪುರಾಣದ ಹೆಣ್ಣಿನ ಬಾಯಿಗೆ ನಗರದ ಭಾಷಣ ತುರುಕುವ ಪ್ರಯೋಗಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಕೇಳಿದವರಿಗೆ ತಿಳಿಯುತ್ತದೆ. ಇಲ್ಲಿ ಕಥೆಯನ್ನು ಮೊದಲು ಕೇಳಿಸಿಕೊಂಡವಳೇ ಈಗ ಅದನ್ನು ಹೇಳುತ್ತಿದ್ದಾಳೆ.

ಈ ಪ್ರಕಾರದ ಬಗ್ಗೆ ನನಗೊಂದು ಆತಂಕವೂ ಇದೆ. 1985ರಲ್ಲಿ ಶುರುವಾದ ನೀನಾಸಂ ತಿರುಗಾಟ, 1989ರ ರಂಗಾಯಣ, 1997ರ ಸಾಣೇಹಳ್ಳಿಯ ಶಿವಸಂಚಾರ ಇವೆಲ್ಲ ತಂಡ ಕಟ್ಟಿಕೊಂಡು ಬೆಳೆದವು. ಹದಿನೈದು ಜನ ತಿಂಗಳುಗಟ್ಟಲೆ ಒಟ್ಟಿಗೆ ಉಂಡು, ಜಗಳವಾಡಿ, ಒಬ್ಬರ ಮಾತಿಗೆ ಒಬ್ಬರು ಕಾದು ಕಲಿಯುವ ವಿದ್ಯೆ ಅಲ್ಲಿದೆ. ಏಕವ್ಯಕ್ತಿ ಪ್ರಯೋಗ ಇದಕ್ಕೆ ಬದಲಿಯಾದರೆ ನಾವು ಕಳೆದುಕೊಳ್ಳುವುದು ಹೆಚ್ಚು. ಸಹನಟರ ಮಾತು ಕೇಳಿಸಿಕೊಂಡು ಪಳಗಿದ ನಟಿಗೆ ಮಾತ್ರ ಗಾಳಿಯ ಮಾತು ಕೇಳಿಸುತ್ತದೆ. ತಂಡದ ಅನುಭವವೇ ಇಲ್ಲದೆ ನೇರ ಏಕವ್ಯಕ್ತಿಗೆ ಇಳಿಯುವ ಹೊಸ ನಟರನ್ನು ನೋಡುವಾಗ ಈ ಕೊರತೆ ಎದ್ದು ಕಾಣುತ್ತದೆ. ಅವರ ಕಣ್ಣು ಎದುರಿನ ಖಾಲಿ ಜಾಗದಲ್ಲಿ ಯಾರನ್ನೂ ನೋಡುವುದಿಲ್ಲ. ಪ್ರೇಕ್ಷಕರ ತಲೆಯ ಮೇಲೆ ಎಲ್ಲೋ ನೆಟ್ಟಿರುತ್ತದೆ.

ಹಾಗಾಗಿ ರಂಗಭೂಮಿಯನ್ನು ಓದುತ್ತಿರುವ ಗೆಳೆಯರಿಗೆ ಒಂದು ಮಾತು. ಮುಂದಿನ ಬಾರಿ ಇಂಥ ಪ್ರಯೋಗಕ್ಕೆ ಹೋದಾಗ ನಟಿಯ ಮಾತಿಗಿಂತ ಅವಳ ಮೌನಗಳ ಮೇಲೆ ಸ್ವಲ್ಪ ಗಮನವಿಡಿ. ಇಲ್ಲದ ಗಂಡನಿಗೆ, ಸತ್ತ ಮಗನಿಗೆ, ದೇವರಿಗೆ ಪ್ರಶ್ನೆ ಹಾಕಿದ ಮೇಲೆ ಉತ್ತರಕ್ಕಾಗಿ ಅವಳು ಕಾಯುತ್ತಾಳೆಯೇ? ಕಾದರೆ, ಆ ಉತ್ತರ ಅವಳ ಮುಂದಿನ ಮಾತನ್ನು ಬದಲಿಸುತ್ತದೆಯೇ? ಖಾಲಿ ಕುರ್ಚಿಯಲ್ಲಿ ನಿಮಗೆ ಯಾರಾದರೂ ಕಂಡರೇ? ಕಂಡಿದ್ದರೆ, ಆ ಕುರ್ಚಿಯಲ್ಲಿ ಕೂತವರಿಗೂ ನಿಮಗೂ ಏನಾದರೂ ಹೋಲಿಕೆ ಇತ್ತೇ? ಮನೆಗೆ ಹೋಗುವ ದಾರಿಯಲ್ಲಿ ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿ ಬಂದರೆ, ಅವಳು ಒಬ್ಬಳೇ ನಿಂತದ್ದಕ್ಕೆ ಅರ್ಥವಿತ್ತು.